ಮಾಂಜರಪಾಟಿನ ಬಾಳಿಕೆ

ಸಂಸಾರದ ವಿಚಾರಗಳಲ್ಲಿ ಎರಡು ಜಾತಿ. ಬೇಲಿಯಾಚೆಯವರನ್ನು ಕೂಗಿ ಕೇಳಬಹುದಾದವು, ದೇವರ ಹತ್ತಿರವೂ ಪಿಸುಗುಟ್ಟಲಾಗದವು. ಮಿಡಿ ಉಪ್ಪಿನಕಾಯಿ ಕೆಟ್ಟರೆ ಬೀದಿಯವರೆಲ್ಲ ಬಂದು ಭರಣಿಯೊಳಗೆ ಇಣುಕುತ್ತಾರೆ. ಆದರೆ ಮಗಳಿಗೆ ಮೊದಲ ಒಳರವಿಕೆ ಎಂಥದ್ದು ಹೊಲಿಸಲಿ ಎಂದು ಯಾರನ್ನು ಕೇಳುವುದು? ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಏಳು ವರ್ಷ ಕಲಿತವಳು. ಜಗತ್ತಿನ ನದಿಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿಸಿದ ಸಿಸ್ಟರ್, ಹೊಲಿಗೆಯ ಕ್ಲಾಸಿನಲ್ಲಿ ಮಾತ್ರ ಆ ಬಟ್ಟೆಯನ್ನು ‘ಅದು’ ಎನ್ನುತ್ತಿದ್ದರು. ‘ಅದಕ್ಕೆ’ ಗಟ್ಟಿ ಬಟ್ಟೆಯೇ ಆಗಬೇಕು, ಬೆನ್ನಿಗೆ ಆರು ಗುಂಡಿ, ಒಗೆದ ಮೇಲೆ ಗಂಜಿ. ಹಾಕಿಕೊಂಡದ್ದು ನೆನಪಿದ್ದರೆ ಹುಡುಗಿಯ ಬೆನ್ನು ನೆಟ್ಟಗಿರುತ್ತದೆ ಎಂಬುದು ಅವರ ಸಿದ್ಧಾಂತ. ನನ್ನ ಬೆನ್ನು ಇವತ್ತಿಗೂ ನೆಟ್ಟಗಿದೆ. ಬಗ್ಗಿಸಲು ಬರುವುದಿಲ್ಲ, ಅಷ್ಟೆ.

ನಮ್ಮ ಕುಸುಮನಿಗೆ ಹನ್ನೊಂದು ತುಂಬಿದ ವರ್ಷ ಅತ್ತೆಯವರು ಹಪ್ಪಳದ ಚಾಪೆಯ ಪಕ್ಕ ಕೂತು, ಆಕಾಶ ನೋಡುತ್ತ, “ಹೆಣೆ, ಮಗಳಿಗೆ ಒಳ್ಗೊಂದ್ ಹೊಲ್ಸ್” ಎಂದರು. ನಾನೂ ಆಕಾಶವನ್ನೇ ನೋಡುತ್ತ “ಹ್ಞೂ” ಎಂದೆ. ಮಾತು ಮುಗಿಯಿತು, ಕಾಗೆಯೊಂದು ಹಪ್ಪಳ ಎತ್ತಿಕೊಂಡು ಹೋಯಿತು.

ಯುದ್ಧ ಮುಗಿದಿದ್ದರೂ ಬಟ್ಟೆಯ ಕಂಟ್ರೋಲು ಮುಗಿದಿರಲಿಲ್ಲ. ಅಂಗಡಿಯಲ್ಲಿ ಸಿಕ್ಕಿದ್ದನ್ನೇ ತರಬೇಕು, ತರುವವರು ಯಜಮಾನರು. ಅವರ ಹತ್ತಿರ ಏನೆಂದು ಹೇಳಲಿ? “ತಲೆದಿಂಬಿಗೆ ಬಟ್ಟೆ ಬೇಕಿತ್ತ್, ಬಾಳಿಕೆ ಬಪ್ಪಂಥದ್ದ್” ಎಂದೆ. ಅವರು ಮುನ್ಸೀಫ್ ಕೋರ್ಟಿನ ಗುಮಾಸ್ತರು, ಹೇಳಿದ್ದನ್ನು ಹೇಳಿದ ಹಾಗೆಯೇ ನಡೆಸುವವರು. ಮೂರು ಗಜ ಮಾಂಜರಪಾಟು ಹಿಡಿದುಕೊಂಡು ಬಂದರು. ಮಾಸಲು ಬಣ್ಣದ, ಒರಟು, ಸದ್ದು ಮಾಡುವ ಬಟ್ಟೆ. “ನಮ್ ಮೊಮ್ಮಕ್ಳ್ ಕಾಲಕ್ಕೂ ಹರಿಯುದಿಲ್ಲ ಕಾಣ್” ಎಂದು ಎರಡು ಕೈಯಿಂದ ಎಳೆದು ತೋರಿಸಿದರು.

ಸಿಸ್ಟರ್ ಕಲಿಸಿದ ಹಾಗೆ ನಾನೇ ಎರಡು ಹೊಲಿದೆ. ಬೆಳೆಯುವ ಮಗು ಎಂದು ಪಕ್ಕಕ್ಕೆ ಎರಡೆರಡು ಮಡಿಕೆ ಒಳಗೆ ಇಟ್ಟೆ, ಬೆನ್ನಿಗೆ ಆರು ಗುಂಡಿ ಹಚ್ಚಿದೆ, ಗಂಜಿ ಹಾಕಿದೆ. ಒಣಗಿಸುವಾಗ ಮೇಲೊಂದು ಮೈ ಒರೆಸುವ ಬೈರಾಸು ಹೊದಿಸಿದೆ. ನಮ್ಮಲ್ಲಿ ಒಳರವಿಕೆಗೆ ಬಿಸಿಲು ಕಾಣಿಸುವ ಪದ್ಧತಿಯಿಲ್ಲ. ಅಂಗಳದಲ್ಲಿ ಬೈರಾಸಿಗೆ ಬಿಸಿಲು, ಅದರ ಕೆಳಗೆ ಬೂಷ್ಟು. ಊರಿನ ಹೆಂಗಸರೆಲ್ಲರ ಮಾನವೂ ಹೀಗೆ ಅರ್ಧ ಒದ್ದೆಯಾಗಿಯೇ ಉಳಿದಿದೆ.

ಕುಸುಮ ಓಡುವ ಹುಡುಗಿ. ಬಾವಿಕಟ್ಟೆಗೂ ಓಡಿಯೇ ಹೋಗುತ್ತಾಳೆ, ಬೈದರೂ ಓಡಿಯೇ ಬಂದು ಬೈಸಿಕೊಳ್ಳುತ್ತಾಳೆ. ಶಾಲೆಯ ಓಟದ ಪಂದ್ಯಕ್ಕೆ ಆರು ತಿಂಗಳಿಂದ ದಿನ ಎಣಿಸುತ್ತಿದ್ದಳು. ಮಾಂಜರಪಾಟು ಹಾಕಿಕೊಂಡ ಮೂರನೆಯ ದಿನ ಶಾಲೆಯಿಂದ ನಡೆದುಕೊಂಡು ಬಂದಳು. ಅವಳು ನಡೆದು ಬಂದದ್ದನ್ನು ನಾನು ಅದೇ ಮೊದಲು ಕಂಡದ್ದು.

“ಅಮ್ಮಾ, ನಾ ಓಟಕ್ಕೆ ಹೆಸ್ರ್ ಕೊಡುದಿಲ್ಲೆ.”

“ಎಂತಕ್ಕೆ?”

“ಇದ್ ತುರ್ಸತ್ತ್. ಉಸ್ರೂ ಕಟ್ಟತ್ತ್.”

“ಬಾಳಿಕೆ ಬಪ್ಪ ಬಟ್ಟೆ ಮಗಾ. ಅಭ್ಯಾಸ ಆತ್ತ್.”

“ನಿಂಗೆ ಅಭ್ಯಾಸ ಆಯ್ತಾ?”

“ಆಯ್ತಲ್ದಾ ಮತ್ತೆ?”

“ಹಾಂಗಾರೆ ನೀ ಎಂತಕ್ ಓಡುದಿಲ್ಲ?”

ನಾನು ಓಡಿದರೆ ಹುಳಿ ಕುದಿಸುವವರು ಯಾರು ಎಂದು ಗದರಿಸಿದೆ. ಆದರೆ ಒಲೆಯ ಮುಂದೆ ಕೂತಾಗ ಲೆಕ್ಕ ತಪ್ಪಿತು, ಹುಳಿಗೆ ಎರಡು ಸಲ ಉಪ್ಪು ಬಿತ್ತು. ಕಾನ್ವೆಂಟಿನ ಅಂಗಳದಲ್ಲಿ ನಾನೂ ಓಡುತ್ತಿದ್ದೆ. ಯಾವಾಗ ನಿಲ್ಲಿಸಿದೆ? ಯಾರೂ ನಿಲ್ಲಿಸು ಎನ್ನಲಿಲ್ಲ. ಆರು ಗುಂಡಿ ಹಾಕಿದರು, ಅಷ್ಟೇ. ಪಂದ್ಯಕ್ಕೆ ಇನ್ನು ಹತ್ತೇ ದಿನವಿತ್ತು.

ಕೋಟೇಶ್ವರದಲ್ಲಿ ನತಾಲಿ ಬಾಯಿ ಎಂಬ ಹೆಂಗಸು ಹೊಲಿಗೆ ಮಿಶನ್ನು ಇಟ್ಟುಕೊಂಡಿದ್ದರು. ಮಾರನೆಯ ದಿನ ಮಗಳನ್ನು ಕರೆದುಕೊಂಡು ಹೋಗಿ, ಅವರ ಕಿವಿಯಲ್ಲಿ ವಿಷಯ ಹೇಳಿದೆ. ಅವರು ಜಗಲಿಯಿಂದ ಬೀದಿಯ ತುದಿಗೆ ಕೇಳುವ ಹಾಗೆ, “ಬಾಡಿಯಾ? ಅದಕ್ಕೆಂತ ಪಿಸಿಪಿಸಿ ಅಮ್ಮಾ, ಕದ್ದ ಮಾಲಾ?” ಎಂದರು. ಎದುರು ಅಂಗಡಿಯ ತಕ್ಕಡಿ ಒಂದು ಕ್ಷಣ ನಿಂತಿತು. ನಾನು ಕೊಡೆ ಬಿಡಿಸಿ ಅದರ ಹಿಂದೆ ಕೂತೆ. ಜಗಲಿಗೆ ಹಂಚಿನ ಮಾಡು ಇತ್ತು.

ನನ್ನ ಹೊಲಿಗೆಯನ್ನು ಬೆರಳ ನಡುವೆ ತಿಕ್ಕಿ ನೋಡಿ, “ಹೊಲ್ಗೆ ಚಂದ ಇತ್ತ್. ದೋಣಿಗೆ ಹಾಯಿ ಮಾಡಿ, ಗಂಗೊಳ್ಳಿ ಮೀನ್ಗಾರ್ರ್ ತಕಂತ್ರ್” ಎಂದರು. ಆಮೇಲೆ ನನ್ನ ಮನೆಯಲ್ಲಿ ಹತ್ತು ವರ್ಷ ಒಗೆದು ಬೆಣ್ಣೆಯಾದ ನೂಲಿನ ಸೀರೆ ಯಾವುದಾದರೂ ಇದೆಯೇ ಎಂದು ಕೇಳಿದರು. ಅದನ್ನೇ ಎರಡು ಪದರ ಮಾಡಿ ಹೊಲಿದರೆ ಮೆತ್ತಗೂ ಆಯಿತು, ಬಾಳಿಕೆಯೂ ಬಂತು. ಹೆಗಲಿನ ಪಟ್ಟಿ ಅಗಲ, ಗುಂಡಿ ಮುಂದೆ, ಮಗು ತಾನೇ ಹಾಕಿಕೊಳ್ಳಬೇಕು. ಗಂಜಿ ಕೂಡದು. ಬಿಸಿಲಿಗೆ ಬಿಚ್ಚಿ ಹಾಕಬೇಕು. ಈ ಕೊನೆಯ ಮಾತಿಗೆ ನಾನು ಕೊಡೆಯನ್ನು ಇನ್ನಷ್ಟು ಕೆಳಗಿಳಿಸಿದೆ.

ಸೀರೆ ತಂದುಕೊಟ್ಟ ನಾಲ್ಕು ದಿನದಲ್ಲಿ ಹೊಲಿದು ಕೊಟ್ಟರು, ಪರೀಕ್ಷೆಯೂ ಅಲ್ಲೇ. ಕುಸುಮ ಒಳಗೆ ಹೋಗಿ ಹಾಕಿಕೊಂಡು, ಮೇಲೆ ತನ್ನ ರವಿಕೆ ತೊಟ್ಟು ಬಂದಳು. “ಕೈ ಎತ್ತ್ ಮಗಾ. ಬಗ್ಗ್. ದೊಡ್ಡಕ್ಕೆ ಉಸ್ರ್ ಎಳಿ. ಇನ್ನ್ ಆ ಹಲಸಿನ ಮರ ಮುಟ್ಟಿ ಓಡಿ ಬಾ.” ಮುಟ್ಟಿ ಬರಲು ಹೇಳಿದರೆ ಈ ಹುಡುಗಿ ಮರವನ್ನು ಸುತ್ತುತ್ತಲೇ ಇದ್ದಳು. ನತಾಲಿ ಬಾಯಿ ನನ್ನ ಕಡೆ ತಿರುಗಿದರು. “ಇನ್ನ್ ನಿಮ್ದ್ ಕಾಂಬ. ಎತ್ತಿ ಕೈ.”

“ನಂದೆಂತ ಕಾಂಬುದ್? ನಂಗೆ ಅಭ್ಯಾಸ ಆಯ್ದ್.”

“ಎತ್ತಿ ಅಂದೆ.”

ಎತ್ತಿದೆ. ಬೆನ್ನಿನಲ್ಲಿ ಟಪ್ ಎಂದಿತು. ಗುಂಡಿಯೊಂದು ಸೀರೆಯೊಳಗೆ ಎಲ್ಲೆಲ್ಲೋ ತಿರುಗಿ, ನನ್ನ ಕಾಲ ಬಳಿ ಬಿದ್ದು, ಉರುಳಿ ಹೋಗಿ ನತಾಲಿ ಬಾಯಿಯ ಮಿಶನ್ನಿನ ಕೆಳಗೆ ನಿಂತಿತು. ಅವರು ಅಳತೆಯ ಪಟ್ಟಿ ತೆಗೆದರು.

ಪಂದ್ಯದಲ್ಲಿ ಕುಸುಮ ಮೂರನೆಯವಳಾಗಿ ಬಂದು ಸೋಪಿನ ಡಬ್ಬಿ ಗೆದ್ದಳು. ಓಡಿದ್ದು ನಾಲ್ಕೇ ಮಂದಿ. ಅದನ್ನು ಅತ್ತೆಯವರಿಗೆ ಹೇಳಿಲ್ಲ. ಮಾಂಜರಪಾಟನ್ನು ಬಿಚ್ಚಿ, ಉಳಿದದ್ದನ್ನೂ ಸೇರಿಸಿ, ಸುಳ್ಳನ್ನು ನಿಜ ಮಾಡುವುದಕ್ಕೆ ತಲೆದಿಂಬಿನ ಚೀಲ ಹೊಲಿದೆ. ಯಜಮಾನರು ಬೆಳಿಗ್ಗೆ ಎದ್ದು ಕೆನ್ನೆ ಉಜ್ಜಿಕೊಳ್ಳುತ್ತ, “ಎಂತ ಮಾರಾಯ್ತಿ ಇದ್, ಉರಿತತ್ತ್” ಎಂದಾಗಲೆಲ್ಲ ನಾನು, “ಬಾಳಿಕೆ ಬಪ್ಪ ಬಟ್ಟೆ. ಅಭ್ಯಾಸ ಆತ್ತ್” ಎನ್ನುತ್ತ ಬಂದೆ.

ಮೊನ್ನೆ ಬ್ರಹ್ಮಾವರದ ತಂಗಿಯ ಮನೆಯಿಂದ ಹೊರಟಾಗ ನಮ್ಮ ಕಣ್ಣೆದುರೇ ಬಸ್ಸು ಬಿಟ್ಟಿತು. “ಹೋಯ್ತ್, ಇನ್ನ್ ಕೂಕಂಬ” ಎಂದು ಯಜಮಾನರು ಮೈಲಿಗಲ್ಲಿನ ಮೇಲೆ ಕೂತರು. ನನಗೇನಾಯಿತೋ ಗೊತ್ತಿಲ್ಲ, ಸೆರಗು ಸಿಕ್ಕಿಸಿ ಓಡಿದೆ. ಇದ್ದಲಿನ ಗ್ಯಾಸಿನಲ್ಲಿ ಓಡುವ ಬಸ್ಸು, ಏರಿನಲ್ಲಿ ಎಮ್ಮೆಯೂ ಅದನ್ನು ಹಿಂದೆ ಹಾಕುತ್ತದೆ. ಆದರೂ ಹಿಡಿದದ್ದು ನಾನೇ. ಏದುಸಿರು ಬಿಡುತ್ತ ಹತ್ತಿದ ಯಜಮಾನರು, “ಮಾರಾಯ್ತಿ, ಇಷ್ಟ್ ವರ್ಷ ಓಡದವ್ಳ್, ಇವತ್ತೆಂತ?” ಎಂದರು.

ತುಂಬಿದ ಬಸ್ಸಿನಲ್ಲಿ ಏನೆಂದು ಹೇಳುವುದು? ಅವರ ಕೆನ್ನೆಯ ಕೆಂಪು ಗೆರೆ ನೋಡಿದೆ.

“ಮನೆಗೆ ಹೋಯಿ ನಿಮ್ ದಿಂಬಿನ ಬಟ್ಟೆ ಬದಲ್ಸುವ” ಎಂದೆ. “ಅದ್ ತುರ್ಸತ್ತ್.”