ದಲಾಲರ ಆಮೆಗೆ ಈಜು ಕಲಿಸಿದ್ದು

ನಮ್ಮ ಬೀದಿಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಬರೆದಿಡುವವರು ಇಲ್ಲ, ಅಷ್ಟೆ. ನಮ್ಮ ಆದವಾನಿ ತಾಲೂಕು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿದ ವರ್ಷ ಊರೆಲ್ಲ ಅದೇ ಮಾತು. ನಮ್ಮ ಬೀದಿಗೆ ಮಾತ್ರ ಅದಕ್ಕಿಂತ ಗಂಭೀರವಾದ ಸುದ್ದಿ ಬಂದಿತ್ತು. ಪಕ್ಕದ ಮನೆಯ ಹತ್ತಿ ದಲಾಲರ ಆಮೆಗೆ ಈಜು ಬರುವುದಿಲ್ಲ.

೧. ಸುದ್ದಿ ಖಚಿತವಾದದ್ದು

ದಲಾಲರು ಹಿತ್ತಿಲಲ್ಲಿ ಹೊಸದಾಗಿ ಮೆಟ್ಟಿಲು ಬಾವಿ ತೋಡಿಸಿದ್ದರು. ಹೊಸ ಬಾವಿಗೆ ಆಮೆ ಬಿಟ್ಟರೆ ನೀರು ತಿಳಿಯಾಗಿರುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ದಲಾಲರು ಮಗಳನ್ನು ಕೊಟ್ಟದ್ದು ಆಸ್ಪರಿಗೆ. ಅಲ್ಲಿನ ಬೀಗರು ಒಂದು ಆಮೆಗೆ ಕುಂಕುಮ ಹಚ್ಚಿ, ಬುಟ್ಟಿಯಲ್ಲಿಟ್ಟು ಕಳಿಸಿದರು. ಬೆನ್ನ ತುಂಬ ಹಳದಿ ನಕ್ಷತ್ರಗಳಿದ್ದ ಚೆಲುವಾದ ಪ್ರಾಣಿ. ಮೆಟ್ಟಿಲ ಮೇಲಿನ ಮೊಣಕಾಲುದ್ದ ನೀರಿಗೆ ಬಿಟ್ಟರೆ ಕಲ್ಲಿನ ಹಾಗೆ ತಳ ಸೇರಿತು. ಗಡಿಬಿಡಿಯಲ್ಲಿ ಎತ್ತಿದರು.

ದಲಾಲರ ಹೆಂಡತಿ ತಲೆಯ ಮೇಲೆ ಕೈ ಹೊತ್ತರು. "ಶ್ರಾವಣಕ್ಕ ಬೀಗರು ಬರ್ತಾರ. ಬಾವ್ಯಾಗ ಬಗ್ಗಿ ನೋಡ್ತಾರ. ನಾವು ಕೊಟ್ಟ ಆಮೆ ಎಲ್ಲೈತ್ರಿ ಅಂದ್ರ ಏನ್ ಹೇಳ್ಲಿ? ನಮ್ಮ ಹುಡುಗಿ ಅವರ ಮನ್ಯಾಗ ಅದಾಳ್ರಿ! ಬದುಕಿರೋತನ ಅಕಿಗೆ ಇದನ್ನs ಎತ್ತಿ ಆಡ್ತಾರ."

ದಲಾಲರು ನನ್ನತ್ತ ತಿರುಗಿದರು. "ಆಮೆಗೆ ಈಜು ಹುಟ್ಟತಾನs ಬರೂದಿಲ್ಲೇನ್ರಿ?"

"ನಮಗ ನಡಿಯೂದು ಹುಟ್ಟತಾನs ಬಂತೇನ್ರಿ? ಯಾರೋ ಕೈ ಹಿಡಿದು ಕಲಿಸಿದ್ರು," ಅಂದೆ.

ಇಡೀ ಬೀದಿ ಈ ಮಾತನ್ನು ಒಪ್ಪಿತು. ಆಮೆಯನ್ನು ಯಾರೂ ಕೇಳಲಿಲ್ಲ.

೨. ಉಸ್ತಾದರು ಬಂದದ್ದು

ಊರ ಹುಡುಗರಿಗೆಲ್ಲ ಈಜು ಕಲಿಸಿದ ಉಸ್ತಾದರನ್ನು ಕರೆಸಿದರು. ಅವರು ಆಮೆಯನ್ನು ಎತ್ತಿ, ತಿರುವಿ ನೋಡಿ, "ಮೈಕಟ್ಟು ಚಲೋ ಐತಿ. ಧೈರ್ಯ ಇಲ್ಲ," ಎಂದು ತೀರ್ಪು ಕೊಟ್ಟರು.

ಅವರ ಶಿಷ್ಯರೆಲ್ಲ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡೇ ನೀರಿಗಿಳಿದವರು. ಆಮೆಗೂ ಅದೇ ನಿಯಮ. ಬುರುಡೆ ಆಮೆಗಿಂತ ದೊಡ್ಡದಿತ್ತು. ನೋಡಿದವರಿಗೆ ಬುರುಡೆಯೇ ಆಮೆ ಸಾಕಿಕೊಂಡಂತೆ ಕಾಣುತ್ತಿತ್ತು. ಬೀದಿಯ ಜನರೆದುರು ಅದನ್ನು ನೀರಿಗೆ ಬಿಟ್ಟರು.

"ಕಾಲ್ ಹೊಡಿ ಬೇಟಾ! ಕಾಲ್ ಹೊಡಿ!" ಉಸ್ತಾದರು ಗಂಟಲು ಹರಿಯುವಂತೆ ಕೂಗಿದರು.

ಬೇಟಾ ನಾಲ್ಕೂ ಕಾಲನ್ನು ಒಳಗೆಳೆದುಕೊಂಡಿತು. ತಲೆಯನ್ನೂ.

ಉಸ್ತಾದರು ಬೆವರು ಒರೆಸಿಕೊಂಡರು. "ಮೊದಲ ದಿನ ಎಲ್ಲಾರೂ ಅಂಜತಾರ. ಆದ್ರ ಹಿಂಗ ಮನಿಯೊಳಗ ಹೋಗಿ ಬಾಗ್ಲಾ ಹಾಕ್ಕೊಂಡವರು ಯಾರೂ ಇಲ್ಲ."

೩. ಮಾಡಿ ತೋರಿಸಿದ್ದು

ಸಾಕಿದವರು ನೀರಿಗಿಳಿದರೆ ಸಾಕಿದ್ದಕ್ಕೂ ಧೈರ್ಯ ಬರುತ್ತದೆ ಎಂದು ಉಸ್ತಾದರು ಹೇಳಿದರು. ದಲಾಲರಿಗೂ ಈಜು ಬರುತ್ತಿರಲಿಲ್ಲ. ಅವರಿಗೆ ಗೊತ್ತಿದ್ದ ನೀರೆಲ್ಲ ತಂಬಿಗೆಯಲ್ಲಿತ್ತು. ಆದರೂ ಮಗಳ ಮುಖ ನೆನೆದು ದಿನಾ ಬೆಳಿಗ್ಗೆ ಸೊಂಟದುದ್ದ ನೀರಲ್ಲಿ ನಿಂತು ಕೈ ಬೀಸಿದರು, ಮೆಟ್ಟಿಲು ಹಿಡಿದು ಕಾಲು ಬಡಿದರು. ಆಮೆ ಮೇಲಿನ ಮೆಟ್ಟಿಲಲ್ಲಿ ಕೂತು ಮೆಂತ್ಯ ಸೊಪ್ಪು ತಿನ್ನುತ್ತ ಎಲ್ಲವನ್ನೂ ಗಮನವಿಟ್ಟು ನೋಡಿತು.

ಅವರ ಹೆಂಡತಿ ಇಣುಕಿ ನೋಡಿ ಹೋದರು. "ಅದು ಕಲಿತೈತೋ ಇಲ್ಲೋ. ನಿಮ್ಮ ಬೆನ್ನಂತೂ ಸ್ವಚ್ಛ ಆಗೈತಿ."

೪. ಪರೀಕ್ಷೆ

ಶ್ರಾವಣ ಬಂತು, ಬೀಗರೂ ಬಂದರು. ಕಾಲಿಗೆ ನೀರು ಕೊಟ್ಟು ಮುಗಿಯುವ ಮೊದಲೇ, "ಎಲ್ಲೈತ್ರಿ ನಮ್ಮ ಆಮೆ?" ಎಂದರು. ನಮ್ಮ ಬೀದಿಯೆಲ್ಲ ಬಾವಿಯ ಸುತ್ತ ಸೇರಿತು. ಬುರುಡೆ ಕಂಡರೆ ಮರ್ಯಾದೆ ಹೋದೀತೆಂದು ದಲಾಲರ ಹೆಂಡತಿ ಅದನ್ನು ಬಿಚ್ಚಿಸಿದ್ದರು. ದಲಾಲರು ಆಮೆಯನ್ನು ಎತ್ತಿಕೊಂಡು ಕಡೆಯ ಮೆಟ್ಟಿಲಿಗೆ ಇಳಿದರು. ಪಾಚಿ. ಕಾಲು ಜಾರಿತು. ಕಲಿಸುವ ದಲಾಲರು, ಕಲಿಯುವ ಆಮೆ, ಇಬ್ಬರೂ ಆಳಕ್ಕೆ ಹೋದರು.

"ಅಯ್ಯೋ ನಮ್ಮನಿಯವರು!" ಎಂದು ಹೆಂಡತಿ ಚೀರಿದರು. ಉಸ್ತಾದರು ಅಭ್ಯಾಸಬಲದಿಂದ, "ಕಾಲ್ ಹೊಡಿ ಬೇಟಾ!" ಎಂದು ಕೂಗಿದರು.

ನೀರಿನಿಂದ ಮೊದಲು ಒಂದು ಕೈ ಬಂತು, ಅದರಲ್ಲಿ ಆಮೆ. ಆಮೇಲೆ ದಲಾಲರ ತಲೆ ಬಂತು. ಕೈ ಮೇಲೆತ್ತಿಕೊಂಡೇ ಕಾಲು ಹೊಡೆದು ಹೊಡೆದು ಮೆಟ್ಟಿಲು ಮುಟ್ಟಿದರು. ಬೀದಿಯೆಲ್ಲ ಕೇಕೆ ಹಾಕಿತು. ಉಸ್ತಾದರ ಕಣ್ಣಲ್ಲಿ ನೀರು. "ಶಾಬಾಶ್! ನನ್ನ ಶಿಷ್ಯ ಪಾಸಾದ!"

ಬೀಗರು ಮಾತ್ರ ಕಂಗಾಲಾಗಿ ನಿಂತಿದ್ದರು. "ಆಮೇನ ನೀರಾಗ ಯಾಕ್ರಿ ಬಿಡಾಕ ಹತ್ತೀರಿ?"

"ಬಾವಿ ಆಮೆ ಅಂತ ನೀವs ಕಳಿಸೀರಲ್ರಿ!" ದಲಾಲರು ಏದುಸಿರಿನಲ್ಲಿ ಕೇಳಿದರು.

"ಬಾವಿ ಆಮೆನs ರೀ. ನಮ್ಮ ಬಾವ್ಯಾಗs ಬೆಳೆದೈತಿ," ಎಂದು ಬೀಗರು ಹೆಮ್ಮೆಯಿಂದ ಹೇಳಿದರು. "ಆದ್ರ ನಮ್ಮ ಬಾವಿಗೆ ಇನ್ನೂ ನೀರು ಬಿದ್ದಿಲ್ಲಲ್ರಿ."

ಆಮೆಗಾಗಿ ಜೀವ ಕೊಡಲು ಹೊರಟ ಮನೆತನದ ಹುಡುಗಿಯೆಂದು ಆಸ್ಪರಿಯಲ್ಲಿ ಮಗಳಿಗೆ ಮರ್ಯಾದೆ ಹೆಚ್ಚಿತು. ಆಮೆ ಈಗ ಹಿತ್ತಿಲ ಬದನೆ ಗಿಡಗಳ ನಡುವೆ ಇದೆ. ದಲಾಲರು ದಿನಾ ಬೆಳಿಗ್ಗೆ ಬಾವಿಯಲ್ಲಿ ಈಜುತ್ತಾರೆ.