ಬ್ಯಾಟರಿ ಬಸ್ಸಿನ ಕಿಟಕಿ ಸೀಟು

ಹೊಸ ಗಾಡಿ ಬಂದರೆ ಜನರ ಚಾಳಿ ಬದಲಾಗುತ್ತದೆ ಅಂತ ನಮ್ಮ ಮ್ಯಾನೇಜರು ಹೇಳುತ್ತಿದ್ದರು. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಜನವೇ ಗಾಡಿಯ ಚಾಳಿ ಬದಲಿಸಿಬಿಡುತ್ತಾರೆ. ಹಾಗಾಗಿ ನನ್ನ ನೌಕರಿಯಲ್ಲಿ ನಗದೇ ಮನೆಗೆ ಹೋದ ದಿನ ಕಡಿಮೆ.

ನಾನು ಸಿಂದಗಿ ಕಡೆಯ ಹಳ್ಳಿಯವ. ಎತ್ತಿನ ಬಂಡಿ, ಟ್ರ್ಯಾಕ್ಟರು, ಬ್ರೇಕಿಲ್ಲದ ಸೈಕಲ್ಲು, ನಾನು ಹೊಡೆಯದ ಗಾಡಿ ಇಲ್ಲ. ಜನ ಕಾರು ಮನೆಯಲ್ಲೇ ಬಿಟ್ಟು ಸ್ಟೇಷನ್ನಿಗೆ ಬರಲಿ ಅಂತ ಒಂದು ಕಂಪನಿ ಬ್ಯಾಟರಿ ಬಸ್ಸು, ಬ್ಯಾಟರಿ ಸೈಕಲ್ಲುಗಳ ಟ್ರಾಯಲ್ ಶುರು ಮಾಡಿತು. ಜನರನ್ನು ಒಪ್ಪಿಸಿ ಹತ್ತಿಸುವ ಕೆಲಸ ನನಗೆ ಸಿಕ್ಕಿತು, ಇನ್ಯಾರಿಗೆ ಸಿಗಬೇಕಿತ್ತು? ಮಳೆಗಾಲ ಮುಗಿಯುವುದರೊಳಗೆ ಬಸ್ಸು ತುಂಬಿದರೆ ಬಸ್ಸೂ ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಇಲ್ಲದಿದ್ದರೆ ಬಸ್ಸು ಡಿಪೋಗೆ, ನಾನು ಊರಿಗೆ. ಊರಲ್ಲಿ ಮಾತ್ರ ನಾನಾಗಲೇ "ಮುಂಬೈ ಕಡೀ ಬಸ್ಸೆಲ್ಲಾ ನನ್ನ ಕೈಯಾಗ ಅದಾವ" ಅಂತ ಸಾರಿಬಿಟ್ಟಿದ್ದೆ. ಸೋತು ಹಿಂದಿರುಗುವ ದಾರಿ ನಾನೇ ಮುಚ್ಚಿಕೊಂಡಿದ್ದೆ.

ಗದ್ದಲ

ಬ್ಯಾಟರಿ ಬಸ್ಸಿಗೆ ಸದ್ದಿಲ್ಲ. ಡೊಂಬಿವಲಿಯ ಗಲ್ಲಿಯಲ್ಲಿ ಸದ್ದಿಲ್ಲದ ಗಾಡಿಗೆ ಮರ್ಯಾದೆ ಇಲ್ಲ. ಮೊದಲ ದಿನ ಬಸ್ಸು ಅಪಾರ್ಟ್‌ಮೆಂಟ್ ಸೊಸಾಯಿಟಿಯ ಗೇಟಿಗೆ ಬಂತು, ನಿಂತಿತು, ಹೋಯಿತು. ಅದಕ್ಕೇ ಕಾಯುತ್ತಿದ್ದವರು ಬೆನ್ನು ತಿರುಗಿಸಿಕೊಂಡು ಹರಟುತ್ತಲೇ ಇದ್ದರು.

ಮರುದಿನ ನಾನು ಬಾಗಿಲಲ್ಲಿ ನಿಂತು ಕೂಗತೊಡಗಿದೆ. ನನ್ನ ದನಿ ಎಂಥದೆಂದರೆ, ನಮ್ಮ ಹೊಲದಲ್ಲಿ ಕೂಗಿದರೆ ಪಕ್ಕದೂರಿನ ಎಮ್ಮೆಗಳು ತಿರುಗಿ ನೋಡುತ್ತಿದ್ದವು. "ಸ್ಟೇಷನ್, ಸ್ಟೇಷನ್, ಸ್ಟೇಷನ್ರೀ!"

ಮೇಲಿನ ಮಹಡಿಯ ಕಿಟಕಿಯಿಂದ ಧಾರವಾಡದ ಕಾಕು ತಲೆ ಹಾಕಿದರು. ಶಾಲೆಯಲ್ಲಿ ಕಲಿಸುತ್ತಿದ್ದವರು, ಈಗ ರಿಟೈರ್.

"ಏನೋ ತಮ್ಮಾ ಇದು?"

"ಹೊಸಾ ಬಸ್ ರೀ ಕಾಕು! ಹೊಗೀನೂ ಇಲ್ಲ, ಗದ್ಲಾನೂ ಇಲ್ಲ!"

"ಹೊಗಿ ಇಲ್ಲ ಖರೆ. ಗದ್ಲ ಅಷ್ಟೂ ನಿನಗ ಕೊಟ್ಟಾರೇನು?"

ಆದರೆ ಇಳಿದು ಬಂದು ಹತ್ತಿದರು. ನನ್ನ ಮೊದಲ ಪ್ಯಾಸೆಂಜರು ಅವರೇ. ಆ ಉಪಕಾರ ನಾನು ಮರೆತಿಲ್ಲ. ಕೂತವರೇ ಅಂದರು: "ಈಗ ಹತ್ತೇನಲ್ಲಪಾ, ಇನ್ನ ಬಾಯಿ ಬಂದ್ ಮಾಡು."

ನನ್ನ ಭಾಷಣ

ಅದೇ ಸೊಸಾಯಿಟಿಯಲ್ಲಿ ಹುಬ್ಬಳ್ಳಿಯ ಒಬ್ಬ ಕಾಕಾ ಇದ್ದಾರೆ. ಪಕ್ಕದ ಕಲ್ಯಾಣ ಊರಿನಲ್ಲಿ ಬಟ್ಟೆ ಅಂಗಡಿ. ಗಂಡ ಹೆಂಡತಿ ಇಬ್ಬರೂ ದಿನಾ ಕಾರಿನಲ್ಲಿ ಹೋಗುತ್ತಿದ್ದರು. ನಾನು ಅವರೆದುರು ಹೊಗೆ, ಗಾಳಿ, ಮುಂದಿನ ಪೀಳಿಗೆ ಅಂತ ಭಾಷಣ ಬಿಗಿದೆ. ಮರುದಿನ ಇಬ್ಬರೂ ಬಸ್ಸಿನಲ್ಲಿ! ಅದರ ಮರುದಿನವೂ! ಮ್ಯಾನೇಜರಿಗೆ ಫೋನ್ ಮಾಡಿ ಹೇಳಿದೆ: "ಸರ್, ನನ್ನ ಮಾತಿಗೆ ಕಾರುಗಳೇ ನಿಂತವು."

ಆಮೇಲೆ ಕಾಕಾಗೆ ಕೈ ಮುಗಿದೆ. "ನನ್ನ ಭಾಷಣಾ ಅಷ್ಟು ತಟ್ಟತಲ್ರೀ ಕಾಕಾ."

"ಯಾವ ಭಾಷಣಾ? ಹೊಸದಾಗಿ ಗೇಟಿನ ಬಾಜೂ ನೆರಳಿನ್ಯಾಗ ಪಾರ್ಕಿಂಗ್ ಸಿಕ್ಕದೋ. ಗಾಡಿ ತಗದ್ರ ಮತ್ತೊಬ್ಬ ಬಂದು ಹಚ್ಚತಾನ. ಇನ್ನ ಆ ಕಾರು ನಾ ಅಲುಗಾಡಸೂದಿಲ್ಲ."

ಅಂದಿನಿಂದ ಮುಂದಿನ ಪೀಳಿಗೆಯನ್ನು ಕೈಬಿಟ್ಟು ಪಾರ್ಕಿಂಗ್ ಹೋಗುವ ಭಯವನ್ನೇ ಹಂಚಿದೆ. ಸೊಸಾಯಿಟಿಗೆ ಸೊಸಾಯಿಟಿಯೇ ಬಸ್ಸು ಹತ್ತಿತು.

ಸೈಕಲ್ಲಿನ ಸವಾರ

ವಿಠ್ಠಲವಾಡಿ ಸ್ಟೇಷನ್ ಹತ್ತಿರ ಬ್ಯಾಟರಿ ಸೈಕಲ್ ಇಟ್ಟಿದ್ದೆವು. ಯಾರೂ ಮುಟ್ಟಲಿಲ್ಲ, ರಾಯಚೂರಿನ ಒಬ್ಬ ಹಮಾಲ ಅಣ್ಣನನ್ನು ಬಿಟ್ಟು. ಆತ ಒಂದು ಸೈಕಲ್ಲನ್ನು ದಿನಾ ಒಯ್ಯುತ್ತಿದ್ದ. ನೋಡಲು ಹೋದರೆ, ಸೈಕಲ್ ಮೇಲೆ ಮೂಟೆಗಳ ಗುಡ್ಡ. ಅಣ್ಣ ಪಕ್ಕದಲ್ಲಿ ಹ್ಯಾಂಡಲ್ ಹಿಡಿದು ನಡೆಯುತ್ತಿದ್ದಾನೆ.

"ಯಣ್ಣಾ, ಅದು ಕುಂತು ಓಡಸೂ ಗಾಡಿ!"

"ಮೂಟಿ ಕುಂತಾವಲ್ಲೋ. ನಾ ಎಲ್ಲಿ ಕೂಡ್ಲಿ?"

ಮ್ಯಾನೇಜರು ಸಿಟ್ಟಾದರು. ನಾನು ಬಿಡಲಿಲ್ಲ: "ಸರ್, ಈ ಮೂಟೆಗಳು ಮೊದಲು ಟೆಂಪೋದಲ್ಲಿ ಹೋಗುತ್ತಿದ್ದವು. ಟೆಂಪೋ ನಿಂತಿತೋ ಇಲ್ಲವೋ?" ಅವರು ಟೆಂಪೋ ನಿಂತಿದ್ದನ್ನು ಬರೆದುಕೊಂಡರು. ಅಣ್ಣ ಖುಷಿಯಿಂದ ನನ್ನ ಬೆನ್ನು ತಟ್ಟಿದ: "ಶಾಣ್ಯಾ ಇದ್ದೀ. ಬಾ, ನೀನೂ ಕೂಡು ಮ್ಯಾಲ. ನಾ ದಬ್ಬತೀನಿ."

ಕರವಸ್ತ್ರ

ಟ್ರಾಯಲ್ ಉಳಿಸಬೇಕೋ ಬೇಡವೋ ಅಂತ ನೋಡಲು ಥಾಣೆ ಶಹರದ ಕಂಪನಿ ಆಫೀಸಿನಿಂದ ದೊಡ್ಡ ಸಾಹೇಬರು ಬಂದರು, ಮರಾಠಿಯವರು, ಆದರೆ ಕನ್ನಡ ತಿಳಿಯುತ್ತಿತ್ತು. ಬಂದಿದ್ದು ಕಾರಿನಲ್ಲೇ ಅನ್ನಿ. ಕಾರನ್ನು ಕೊನೇ ಸ್ಟಾಪಿನಲ್ಲಿ ನಿಲ್ಲಿಸಿ ಬಸ್ಸಿಗೆ ಕಾದರು. ಸ್ಟೇಷನ್ ಕಡೆಯಿಂದ ಬಸ್ಸು ತುಂಬಿಕೊಂಡು ಬಂತು. ನನ್ನ ಎದೆಯೂ ಉಬ್ಬಿತು.

ಆದರೆ ಕೊನೇ ಸ್ಟಾಪಿನಲ್ಲಿ ಒಬ್ಬರೂ ಇಳಿಯಲಿಲ್ಲ.

ಸಾಹೇಬರ ಮುಖ ಗಂಟಾಯಿತು. "ಇವರು ನೀನು ಕರೆತಂದು ಕೂರಿಸಿದ ಜನ. ನಾಟಕ ಇದು. ನಾಳೆಯಿಂದಲೇ ಬಂದ್."

ಊರಿನ ಕಟ್ಟೆ ಕಣ್ಣ ಮುಂದೆ ನಿಂತಿತು. ಅಷ್ಟರಲ್ಲಿ ಕಿಟಕಿ ಪಕ್ಕ ಕೂತಿದ್ದ ಧಾರವಾಡದ ಕಾಕು ಮರಾಠಿಯಲ್ಲಿ ಸಾಹೇಬರಿಗೆ ಪಾಠ ಶುರು ಮಾಡಿದರು: "ನಾವು ಲೋಕಲ್ ಟ್ರೇನಿನವರು. ಸೀಟು ಬೇಕಾದರೆ ಉಲ್ಟಾ ಹೋಗಿ ಕೂತು ಬರುತ್ತೇವೆ. ಇಲ್ಲೂ ಹಾಗೆಯೇ. ಗೇಟಿನಲ್ಲಿ ಹತ್ತಿ, ಕೊನೇ ಸ್ಟಾಪಿಗೆ ಬಂದು, ಅದೇ ಸೀಟಿನಲ್ಲಿ ಸ್ಟೇಷನ್ನಿಗೆ."

ಸಾಹೇಬರು ಅರೆಮನಸ್ಸಿನಿಂದ ಹತ್ತಿ, ಖಾಲಿ ಕಂಡ ಒಂದೇ ಸೀಟಿಗೆ ಕೂರಲು ಹೋದರು.

ಕಾಕು ಮರಾಠಿ ಮರೆತು ಗದರಿದರು: "ಏಳ್ರೀ, ಕರವಸ್ತ್ರ ಕಾಣಲಿಲ್ಲೇನು? ಮುಂದಿನ ಗೇಟಿನ್ಯಾಗ ನನ್ನ ಗೆಳತಿ ಹತ್ತತಾಳ."

ಸಾಹೇಬರು ಸ್ಟೇಷನ್‌ವರೆಗೂ ನಿಂತೇ ಬಂದರು. ಎಲ್ಲರೂ ಇಳಿದರು. ಕಾರು ಹಿಂದೆ ಉಳಿದಿದ್ದರಿಂದ ಸಾಹೇಬರು ಇಳಿಯಲಿಲ್ಲ. ವಾಪಸ್ ಹೋಗುವಾಗಲಾದರೂ ಕಿಟಕಿ ಪಕ್ಕ ಕೂರೋಣವೆಂದು ತಿರುಗುವಷ್ಟರಲ್ಲಿ ಹುಬ್ಬಳ್ಳಿಯ ಕಾಕಾ ಹಾರಿ ಹತ್ತಿ ಕಿಟಕಿ ಹಿಡಿದಾಗಿತ್ತು.

"ಎಲ್ಲಿಗೆ?" ಅಂದರು ಸಾಹೇಬರು.

"ಸ್ಟೇಷನ್ನಿಗೆ."

"ಇದೇ ಸ್ಟೇಷನ್ ಅಲ್ಲವೇ?"

"ಹೌದ್ರೀ. ಮನಿಯಿಂದ ನಡಕೊಂಡ ಬಂದೆ. ಗೇಟಿನ್ಯಾಗ ಹತ್ತಿದ್ರ ಕಿಡಕಿ ಸಿಗಂಗಿಲ್ಲ. ನಿಂತ ಬರೂದು ನನ್ನ ಕಾಲಿಗೆ ಆಗಂಗಿಲ್ಲ."

ಸಾಹೇಬರು ಒಮ್ಮೆ ಸ್ಟೇಷನ್ ನೋಡಿದರು, ಒಮ್ಮೆ ಕಾಕಾನನ್ನು ನೋಡಿದರು. ಆಮೇಲೆ ನಕ್ಕರು ನೋಡಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು. "ಈ ಊರಲ್ಲಿ ಬಸ್ ಬಂದ್ ಮಾಡಿದರೆ ಇವರು ನನ್ನನ್ನು ಬಿಡುವುದಿಲ್ಲ. ನಡೆಯಲಿ. ಇನ್ನೊಂದನ್ನೂ ತರಿಸು."

ಬಸ್ಸು ಉಳಿಯಿತು, ನಾನೂ ಉಳಿದೆ. ಎಲ್ಲ ನನ್ನ ಪ್ರತಾಪವೇ ಅಂತ ಊರಿಗೆ ಹೇಳಿದ್ದೇನೆ. ಇಲ್ಲಿನವರ ಕರವಸ್ತ್ರದ ಋಣ ನನ್ನ ಮನಸ್ಸಿಗೆ ಗೊತ್ತು. ಸಾಹೇಬರು ಹಾಗಂದ ಕ್ಷಣ ಕಣ್ಣು ಒದ್ದೆಯಾಗಿ ಕಾಕಾನ ಪಕ್ಕ ಕೂರಲು ಹೋದೆ. ಕಾಕಾ ಅಡ್ಡ ಕೈ ಹಿಡಿದರು.

"ಅಲ್ಲಿ ಬ್ಯಾಡೋ ತಮ್ಮಾ. ನಮ್ಮ ಮನಿಯಾಕಿದು ಆ ಜಾಗಾ. ಹಿಂದ ನಡಕೊಂಡ ಬರಾಕತ್ತಾಳ."