ಕೋಳಿಗಳು ತವರಿಗೆ ಹೋದ ದಿನ

ನಮ್ಮೂರಿನಲ್ಲಿ ಗಾಳಿ ಬೀಸಬೇಕಾದರೆ ನಮ್ಮ ಸೋದರತ್ತೆಯ ಅಪ್ಪಣೆ ಬೇಕು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಗಾಳಿ ತನ್ನ ಪಾಡಿಗೆ ತಾನು ಬೀಸುತ್ತದೆ. ಆದರೆ ಅದು ಯಾವ ಕಡೆಗೆ ಬೀಸುತ್ತಿದೆ ಎಂದು ತೀರ್ಪು ಕೊಡುವವಳು ಅತ್ತೆ. ಅವಳು "ಇವತ್ತು ಬ್ಯಾಡ" ಎಂದರೆ ಮುಗಿಯಿತು, ಬೆನ್ನಿಗೇರಿಸಿದ ಹದಿನಾರು ಲೀಟರಿನ ಸಿಂಪಡಣೆಯ ಪಂಪನ್ನು ಇಳಿಸಿ ನಾನು ಸುಮ್ಮನೆ ಮನೆಗೆ ಹೋಗಬೇಕು. ನಾನೇನು ಕಡಿಮೆಯವನೇ? ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರ. ಎಪ್ಪತ್ತು ಮಕ್ಕಳನ್ನು ಒಂದು ಕಣ್ಸನ್ನೆಯಲ್ಲಿ ಕೂರಿಸುತ್ತೇನೆ. ಅತ್ತೆಯ ಮುಂದೆ ಮಾತ್ರ ನಾನೇ ಕೂರುತ್ತೇನೆ.

ಕೋಗಳಿ ರಸ್ತೆಯ ಬದಿಗೆ ನನ್ನದು ಮೂರು ಎಕರೆ ಮೆಕ್ಕೆಜೋಳದ ಹೊಲ. ಅದರ ಪಡುವಲ ಮಗ್ಗುಲಿಗೆ ಅತ್ತೆಯ ಹಿತ್ತಲು. ನಡುವೆ ಜಾಲಿಮುಳ್ಳಿನ ಒಂದು ಬೇಲಿ. ಕಳೆ ಕೀಳಲು ಆಳು ಸಿಗುವುದಿಲ್ಲವಾದ್ದರಿಂದ ಹಂಗಾಮಿಗೆ ಒಂದೆರಡು ಭಾನುವಾರ ಕಳೆನಾಶಕದ ಪಂಪು ಹೊತ್ತು ನಾನೇ ಹೊಲಕ್ಕಿಳಿಯುತ್ತೇನೆ. ನಮ್ಮ ಕಡೆ ಅದಕ್ಕೆ ಕಸದ ಎಣ್ಣಿ ಹೊಡೆಯುವುದು ಅನ್ನುತ್ತಾರೆ. ಇಷ್ಟೇ ಆಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಅತ್ತೆಯ ಹಿತ್ತಲಿನಲ್ಲಿ ಹದಿನೇಳು ಕೋಳಿಗಳಿದ್ದವು. ಬೇಲಿ ಎಂದರೆ ಏನೆಂದು ಅವುಗಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಮ್ಮದು ಲಿಂಗಪೂಜೆಯ ಮನೆತನ. ನಮ್ಮ ಒಲೆಯ ಮೇಲೆ ಇಂದಿನವರೆಗೆ ಒಂದು ಮೊಟ್ಟೆ ಒಡೆದದ್ದಿಲ್ಲ. ಅಂಥ ಮನೆಯ ಮಗಳು ಕೋಳಿ ಸಾಕಿದರೆ ಊರು ಬಾಯಿ ಮುಚ್ಚಿಕೊಂಡಿರುತ್ತದೆಯೇ? "ನಿಮ್ಮಂಥೋರ ಮನ್ಯಾಗ ಕೋಳಿ ಯಾಕ್ರಿ?" ಎಂದು ಕೇಳಿದವರಿಗೆಲ್ಲ ಅತ್ತೆಯದು ಒಂದೇ ಉತ್ತರ: "ಚೇಳು ತಿಂತಾವ. ನೀವು ಬಂದು ತಿಂತೀರೇನು?" ಮೊಟ್ಟೆಗಳನ್ನು ಓಣಿಯ ಬಸುರಿ ಬಾಣಂತಿಯರಿಗೆ ಹಂಚುತ್ತಿದ್ದಳು. ಕೈಯಿಂದ ಮುಟ್ಟದೆ, ಮೊರದಲ್ಲಿ ಉರುಳಿಸಿಕೊಂಡು ಹೋಗಿ ಕೊಡುತ್ತಿದ್ದಳು. ಮಡಿಗೆ ಮಡಿಯೂ ಆಯಿತು, ಪುಣ್ಯಕ್ಕೆ ಪುಣ್ಯವೂ ಆಯಿತು.

ನಾನು ಮೊದಲು ಪಂಪು ಹೊತ್ತ ವರ್ಷ ಅತ್ತೆ ಬೇಲಿಯ ಆಚೆ ನಿಂತು, "ಕೈಗೆ ಏನರ ಹಾಕ್ಕೊಳ್ಳೋ, ಮೈ ತುಂಬ ಅಂಗಿ ತೊಡೋ" ಎಂದಿದ್ದಳು. ನಾನು ನಕ್ಕುಬಿಟ್ಟೆ. "ನಮ್ಮಪ್ಪ ಹಾಕ್ಕೊಂತಿದ್ನೇನತ್ತಿ? ನನಗೇನಾಗ್ತೈತಿ, ಕಲ್ಲಿನಂಗ ಅದೀನಿ" ಎಂದೆ. ಅವಳು ಕೋಳಿಗಳನ್ನು ಅಟ್ಟಿಕೊಂಡು ಒಳಗೆ ಹೋದಳು. ಮುಂದಿನ ವಾರದಿಂದ ಎಲ್ಲ ಮಾತಿಗೂ ಕೋಳಿ ಬಂತು. ಕೋಳಿಗೆ ಹಾಗಾಗುತ್ತದೆ, ಕೋಳಿಗೆ ಹೀಗಾಗುತ್ತದೆ! ಈ ಹೆಂಗಸಿಗೆ ಅಳಿಯನಿಗಿಂತ ಕೋಳಿ ಹೆಚ್ಚಾಯಿತಲ್ಲ ಎಂದು ನಾನು ಹೆಂಡತಿಯ ಮುಂದೆ ಎಷ್ಟು ಸಲ ಗೊಣಗಿದ್ದೇನೋ ಲೆಕ್ಕವಿಲ್ಲ.

ಮೊದಲ ಕಾನೂನು ಗಾಳಿಯದು. ಹಿತ್ತಲಿನ ಬಟ್ಟೆ ಒಣಹಾಕುವ ಗಳುವಿನ ತುದಿಗೆ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗಿನ ಚೂರೊಂದನ್ನು ಕಟ್ಟಿದಳು. ಅದು ಹಿತ್ತಲಿನ ಕಡೆ ಹಾರಿದರೆ ನಾನು ಎಣ್ಣೆ ಹೊಡೆಯುವಂತಿಲ್ಲ. ಒಮ್ಮೆ ನಾನು ಫೋನು ತೆಗೆದು ತೋರಿಸಿದೆ.

"ನೋಡತ್ತಿ, ಗಾಳಿ ಮೂಡಲಕ್ಕ ಹೊಂಟೈತಂತ ಇದರಾಗ ಬಂದೈತಿ."

"ಅದು ಬಳ್ಳಾರಿ ಗಾಳಿ ಇರಬೇಕು. ನನ್ನ ಸೀರಿ ಹಿತ್ತಲ ಗಾಳಿ ಹೇಳ್ತೈತಿ."

ಸೀರೆಯೇ ಸರಿಯಾಗಿತ್ತು ಎಂಬುದನ್ನು ನಾನು ಶಾಲೆಯಲ್ಲಿ ಯಾರಿಗೂ ಹೇಳಿಲ್ಲ. ಈಗ ಅಕ್ಕಪಕ್ಕದ ನಾಲ್ಕು ಹೊಲದವರೂ ಪಂಪು ತುಂಬುವ ಮೊದಲು ಕತ್ತೆತ್ತಿ ಆ ಕೆಂಪು ಚೂರನ್ನು ನೋಡುತ್ತಾರೆ.

ಎರಡನೆಯದು ಆಮಂತ್ರಣ. ಎಣ್ಣೆ ಹೊಡೆಯುವ ಎರಡು ದಿನ ಮೊದಲು ಮನೆಗೆ ಬಂದು, ಕುಳಿತು, ಚಹಾ ಕುಡಿದು ಹೇಳಬೇಕು. ಕೆಲಸದ ಗಡಿಬಿಡಿಯಲ್ಲಿ ಒಂದು ಸಲ ಫೋನಿನಲ್ಲಿ ಹೇಳಿದ್ದಕ್ಕೆ, "ಫೋನಿನ್ಯಾಗ ಕರದ್ರ ಮದವಿಗಿ ಹೋಗ್ತಾರೇನು?" ಎಂದು ಇಟ್ಟುಬಿಟ್ಟಳು. ನಾನು ಆ ಭಾನುವಾರ ಹೊಲಕ್ಕೆ ಹೋಗದೆ ಮನೆಯಲ್ಲೇ ಉಳಿದೆ.

ಮೂರನೆಯದು ಎಣ್ಣೆಯ ಚೀಟಿ ಓದಿಸುವುದು, ಅದಕ್ಕೆ ಗೊಬ್ಬರದ ಅಂಗಡಿಯವನು ಸಾಕ್ಷಿ. ಒಮ್ಮೆ ನನ್ನ ಜೊತೆ ಅತ್ತೆಯೂ ಹಗರಿಬೊಮ್ಮನಹಳ್ಳಿಗೆ ಬಂದಳು. ಅಂಗಡಿಯವನು ಬಾಟಲಿ ಮುಂದಿಟ್ಟು, "ಏನೂ ಆಗಂಗಿಲ್ರಿ ಅವ್ವಾರ, ಧೈರ್ಯಲೆ ಒಯ್ರಿ" ಎಂದ.

"ಏನೂ ಆಗಂಗಿಲ್ಲ ಅಂತ ಚೀಟಿನಾಗ ಬರದಾರೇನ್ರಿ?"

"ಹಂಗೇನಿಲ್ರಿ."

"ಮತ್ತ ಏನು ಬರದಾರ ಅದನ್ನ ಓದ್ರಿ."

ಬಾಟಲಿಯ ಜೊತೆ ಮಡಿಸಿಟ್ಟಿದ್ದ ಚೀಟಿ ಬಿಚ್ಚುತ್ತ ಹೋದರೆ ಮೇಜನ್ನೇ ಮುಚ್ಚಿತು. ಅಕ್ಷರಗಳು ಸಾಸಿವೆಗಿಂತ ಸಣ್ಣವು. ಪಾಪ, ಅವನು ಮೊಬೈಲಿನಲ್ಲಿ ಫೋಟೋ ಹೊಡೆದು, ಅದನ್ನು ದೊಡ್ಡದು ಮಾಡಿಕೊಂಡು ಓದತೊಡಗಿದ. ಗಾಳಿಗೆ ಎದುರಾಗಿ ಸಿಂಪಡಿಸಬಾರದು. ಕೈಗವಸು, ಮುಖಕ್ಕೆ ಮುಸುಕು ಇರಬೇಕು. ಸಿಂಪಡಿಸುವಾಗ ತಿನ್ನಬಾರದು, ಎಲೆ ಅಡಿಕೆ ತಂಬಾಕು ಹಾಕಬಾರದು. ದನಕರು ಕೋಳಿಗಳನ್ನು ದೂರ ಇಡಬೇಕು. ಪಂಪು ತೊಳೆದ ನೀರು ಅವು ಕುಡಿಯುವ ನೀರಿಗೆ ಸೇರಬಾರದು. ನಮ್ಮ ಹಿಂದೆ ಸಾಲು ಬೆಳೆಯಿತು.

"ಅವ್ವಾರ, ಹಿಂದ ಮಂದಿ ನಿಂತಾರ್ರಿ."

"ನಿಂದರ್ಲಿ. ಅವರೇನು ಕಿವಿ ಮನ್ಯಾಗ ಬಿಟ್ಟು ಬಂದಾರೇನು? ಕೇಳ್ಲಿ."

ಕೇಳಿದರು ಕೂಡ. ಸಾಲಿನ ಕೊನೆಯಲ್ಲಿದ್ದ ಒಬ್ಬ, "ಆ ಕೈಗವಸಿಂದು ಇನ್ನೊಮ್ಮಿ ಓದ್ರಿ" ಎಂದ. ಅಂದಿನಿಂದ ಅತ್ತೆಯ ತಲೆ ರಸ್ತೆಯಲ್ಲಿ ಕಂಡರೆ ಸಾಕು, ಅಂಗಡಿಯವನು ಕನ್ನಡಕ ಹುಡುಕತೊಡಗುತ್ತಾನೆ. ಅಷ್ಟಕ್ಕೇ ಬಿಡದೆ ಅವಳು ದನದ ದವಾಖಾನೆಯ ಡಾಕ್ಟರನ್ನೂ ಕೇಳಿ ಬಂದಳು. ಎಣ್ಣೆ ಬಿದ್ದ ಹಸಿ ಹುಲ್ಲನ್ನು ಕೋಳಿಗಳು ಕುಕ್ಕದಂತೆ ನೋಡಿಕೊಳ್ಳಬೇಕು, ಚೀಟಿಯಲ್ಲಿ ಹೇಳಿದಷ್ಟು ದಿನ ಆ ಹೊಲಕ್ಕೆ ಬಿಡಬಾರದು ಎಂದು ಅವರು ಹೇಳಿದರಂತೆ.

ಹದಿನೇಳು ಕೋಳಿಗಳನ್ನು ಅಷ್ಟು ದಿನ ಕಟ್ಟಿಹಾಕುವುದು ಹೇಗೆ? ಅತ್ತೆಗೆ ಹೊಳೆದ ಉಪಾಯ ಇನ್ಯಾರಿಗೂ ಹೊಳೆಯುತ್ತಿರಲಿಲ್ಲ. ಆ ಕೋಳಿಗಳ ಮೂಲ ಕೋಗಳಿಯಲ್ಲಿದ್ದ ಅವಳ ಬಾಲ್ಯದ ಗೆಳತಿಯ ಮನೆ. ಅಂದಮೇಲೆ ಕೋಗಳಿ ಅವುಗಳ ತವರು. ಎಣ್ಣೆ ಹೊಡೆಯುವ ಹಿಂದಿನ ದಿನ ಅವುಗಳನ್ನು ತವರಿಗೆ ಕಳಿಸುವುದು!

ಈ ಕೆಲಸ ನಮ್ಮ ಮಾವನ ಪಾಲಿಗೆ ಬಂತು. ಮಾವ ಎಂದರೆ ಅತ್ತೆಯ ಗಂಡ, ಮದುವೆಯಾದಂದಿನಿಂದ ಹೂಂ ಎಂದುಕೊಂಡು ಬಂದ ಸಾಧು ಮನುಷ್ಯ. ಮೊಪೆಡ್ಡಿನ ಹಿಂದೆ ಎರಡು ದೊಡ್ಡ ಪುಟ್ಟಿ ಕಟ್ಟಿ, ಮೇಲೆ ಬಲೆ ಹೊದಿಸಿ, ಮುಂದೆ ಜೋಳದ ಚೀಲ ಇಟ್ಟುಕೊಂಡು ಹೊರಡುತ್ತಿದ್ದರು. ತವರಿಗೆ ಬರಿಗೈಯಲ್ಲಿ ಕಳಿಸಬಾರದಲ್ಲ!

"ನಿಮ್ಮತ್ತಿ ತವರಿಗಿ ಹೋಗಿದ್ದು ವರ್ಷಕ್ಕೊಮ್ಮಿ. ಇವು ಹಂಗಾಮಿಗಿ ಎರಡು ಸಲ ಹೊಂಟಾವ ನೋಡು" ಎಂದು ಅವರು ಒಮ್ಮೆ ನನ್ನ ಕಿವಿಯಲ್ಲಿ ಹೇಳಿದರು.

ಒಂದು ಸಲ ಹದಿನಾರೇ ಕೋಳಿ ತಿರುಗಿ ಬಂದವು. ಒಂದು ಹೇಂಟೆ ಅಲ್ಲೇ ಕಾವು ಕೂತುಬಿಟ್ಟಿತ್ತು. ಗೆಳತಿ ಫೋನು ಮಾಡಿ, "ಚೊಚ್ಚಲು ಬಾಣಂತನ ತವರಾಗ ಆಗಬೇಕಲ್ಲ, ಇರ್ಲಿ ಬಿಡು" ಎಂದಳಂತೆ. ಮರಿಗಳಾದ ಮೇಲೆ ಅತ್ತೆ ಸ್ವತಃ ಹೋಗಿ ಗೆಳತಿಗೆ ಖಣ ಕೊಟ್ಟು, ತಾಯಿ ಮಕ್ಕಳನ್ನು ಕರೆತಂದಳು. ಬಸ್ಸಿನಲ್ಲಿ ಅವಳಿಗೆ ಕೂರಲು ಜಾಗ ಬಿಟ್ಟುಕೊಟ್ಟರು ಎಂದು ಕೇಳಿದ್ದೇನೆ.

ಎಲ್ಲಕ್ಕಿಂತ ಕಷ್ಟದ್ದು ಸ್ನಾನದ ಕಾನೂನು. ಎಣ್ಣೆ ಹೊಡೆದು ಬಂದವನು ಹಿತ್ತಲಿಗೆ ಕಾಲಿಡುವಂತಿಲ್ಲ. ಬೇಲಿಯ ಹೊರಗೆ ಎರಡು ಕೊಡ ನೀರು, ಒಂದು ಸೋಪು, ಒಗೆದ ಲುಂಗಿ ಕಾದಿರುತ್ತಿದ್ದವು. ತಲೆಯಿಂದ ಪಾದದವರೆಗೆ ಉಜ್ಜಿ ತೊಳೆಯಬೇಕು. ಬಿಚ್ಚಿದ ಬಟ್ಟೆ ಬೇರೆ ಬಕೆಟ್ಟಿಗೆ. ಆಮೇಲೆ ಚಹಾ.

"ಕೋಳಿ ಕೋಗಳಿಗಿ ಹೋಗ್ಯಾವಲ್ಲತ್ತಿ, ಇಷ್ಟ್ಯಾಕ ತಿಕ್ಕಬೇಕು?"

"ತಿರುಗಿ ಬರ್ತಾವಲ್ಲ, ನಿನ್ನ ಕಾಲಬೆರಳು ಕುಕ್ಕತಾವ. ಅದು ಬೆರಳೋ ಜ್ವಾಳೋ, ಅವಕ್ಕೇನು ಗೊತ್ತು? ಕಿವಿ ಹಿಂದ ತೊಳಿ."

ಕೈಗವಸೂ ಹಾಗೇ ಬಂತು. ಬರಿಗೈಯಲ್ಲಿ ಎಣ್ಣೆ ಕಲಸಿದ ಕೈಯಿಂದ ನಾನು ಕೋಳಿಗೆ ಕಾಳು ಹಾಕಿಬಿಡುತ್ತೇನಂತೆ. ನಾನು ಅವಕ್ಕೆ ಕಾಳು ಹಾಕಿದ್ದು ಯಾವಾಗ? ತುಂಬುತೋಳಿನ ಅಂಗಿ ಏಕೆಂದರೆ ಬರಿ ತೋಳು ಕಂಡರೆ ಹುಂಜ ಮೈಮೇಲೆ ಬರುತ್ತದಂತೆ. ಆ ಹುಂಜ ನನ್ನನ್ನು ಕಂಡರೆ ಓಡಿಹೋಗುತ್ತಿತ್ತು. ಆದರೂ ಹಾಕಿಕೊಂಡೆ. ಕೋಳಿಯ ವಿಷಯದಲ್ಲಿ ಅತ್ತೆಯ ಎದುರು ವಾದಿಸಿ ಗೆದ್ದವರಿಲ್ಲ.

ಹೋದ ಮುಂಗಾರಿನ ಒಂದು ಭಾನುವಾರ ಅತ್ತೆ ಮಾವ ಮೈಲಾರಕ್ಕೆ ಹೋದರು. ನೋಡಿಕೊಳ್ಳಲು ಯಾರೂ ಇಲ್ಲವೆಂದು ಕೋಳಿಗಳನ್ನು ಹಿಂದಿನ ದಿನವೇ ಕೋಗಳಿಗೆ ಬಿಟ್ಟಿದ್ದರು. ಹಿತ್ತಲು ಖಾಲಿ, ಮನೆಗೆ ಬೀಗ. ಮುಂದಿನ ಭಾನುವಾರ ನನಗೆ ಪರೀಕ್ಷೆಯ ಡ್ಯೂಟಿ, ಹೊಲದಲ್ಲಿ ಕಳೆ ಮೊಣಕಾಲಿಗೆ ಬಂದಿತ್ತು. ಯಾರ ಅಪ್ಪಣೆಯೂ ಬೇಕಿಲ್ಲದ ಆ ಬೆಳಿಗ್ಗೆ ನನಗೆ ರಜೆ ಸಿಕ್ಕ ಶಾಲೆಯ ಹುಡುಗನಷ್ಟು ಖುಷಿಯಾಯಿತು. ಬನಿಯನ್ನು, ಮೇಲೆ ಕಟ್ಟಿದ ಲುಂಗಿ, ಬರಿಗೈ, ಬರಿಗಾಲು, ಬಾಯಲ್ಲಿ ಎಲೆ ಅಡಿಕೆ. ಕೆಂಪು ಚೂರು ಯಾವ ಕಡೆ ಹಾರುತ್ತಿದೆ ಎಂದು ನೋಡಲೂ ಇಲ್ಲ. ನೋಡಬಾರದೆಂದೇ ನೋಡಲಿಲ್ಲ.

ನಾಲ್ಕನೆಯ ಪಂಪಿಗೆ ಮುಚ್ಚಳ ಸೋರಿ ಬೆನ್ನು ತೊಯ್ದಿತು. ಐದನೆಯದಕ್ಕೆ ಗಾಳಿ ತಿರುಗಿ ಮುಖದ ಮೇಲೆಯೇ ಬಂತು. ಕಣ್ಣು ಉರಿಯತೊಡಗಿದವು. ಬಿಸಿಲು ಏರಿತ್ತು. ಸ್ವಲ್ಪ ಹೊತ್ತಿಗೆ ತಲೆ ತಿರುಗಿ, ವಾಂತಿಯಾಗಿ, ಬದುವಿನ ಮೇಲೆ ಕುಳಿತುಬಿಟ್ಟೆ. ಎದ್ದು ಮನೆಗೆ ಹೋಗೋಣವೆಂದರೆ ಕಾಲು ಏಳಲಿಲ್ಲ. ಫೋನು ಮನೆಯಲ್ಲಿತ್ತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಮಧ್ಯಾಹ್ನದ ಬಸ್ಸು ಇಳಿದ ಅತ್ತೆ ರೂಢಿಯಂತೆ ಮೊದಲು ನೋಡಿದ್ದು ಸೀರೆಯ ಚೂರನ್ನಂತೆ, ಆಮೇಲೆ ಅದು ಹಾರುತ್ತಿದ್ದ ದಿಕ್ಕಿನಲ್ಲಿ ಕುಳಿತಿದ್ದ ನನ್ನನ್ನು. ಕೈಯಲ್ಲಿದ್ದ ಭಂಡಾರದ ಪೊಟ್ಟಣ ಎಲ್ಲಿ ಬಿತ್ತೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಬಂದವಳೇ ಬನಿಯನ್ನು ಹರಿದು ತೆಗೆದಳು. ಕೊಡದ ಮೇಲೆ ಕೊಡ ನೀರು ಸುರಿದು, ಬೆನ್ನು ತೋಳು ಸೋಪು ಹಚ್ಚಿ ತೊಳೆದಳು, ಕಣ್ಣಿಗೆ ನೀರು ಎರೆದಳು. ಬಯ್ಯಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಮಾವ ಆಟೋ ಕರೆತಂದರು. ಹತ್ತುವಾಗ ಅತ್ತೆ ತಿರುಗಿ ಓಡಿಹೋಗಿ, ಎಣ್ಣೆಯ ಬಾಟಲಿಯನ್ನು ಕವರಿನಲ್ಲಿ ಸುತ್ತಿ ತಂದಳು.

ಆಸ್ಪತ್ರೆಯಲ್ಲಿ ಡಾಕ್ಟರು ಬಾಟಲಿಯ ಮೇಲಿನದನ್ನು ಓದಿ, "ತಂದಿದ್ದು ಚಲೋ ಆತ್ರಿ. ಆವಾಗ್ಲೇ ತೊಳದಿದ್ದು ಇನ್ನೂ ಚಲೋ ಆತು" ಎಂದರು. ಸಲೈನು ಹಚ್ಚಿ ಸಂಜೆಯವರೆಗೆ ಮಲಗಿಸಿದರು. ಗಂಡಾಂತರವೇನಿಲ್ಲ ಎಂದ ಮೇಲೂ ಅತ್ತೆ ಮಂಚ ಬಿಟ್ಟು ಕದಲಲಿಲ್ಲ. ನನ್ನ ಒದ್ದೆ ತಲೆಯನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು. ತಲೆ ಯಾವಾಗಲೋ ಒಣಗಿತ್ತು.

ಏನಾದರೂ ಮಾತಾಡಬೇಕಲ್ಲ ಎಂದು ನಾನು ಹೇಳಿದೆ: "ಬಯ್ಯಬ್ಯಾಡತ್ತಿ. ನಿನ್ನ ಕೋಳಿ ಒಂದೂ ಇರಲಿಲ್ಲ ಅಂತ ಹೊಡದೆ."

ಅವಳ ಕೈ ನಿಂತಿತು.

"ಕೋಳಿ ಇರಲಿಲ್ಲ, ಖರೆ" ಎಂದಳು. "ನೀ ಇದ್ದ್ಯಲ್ಲೋ."

ಮಾವ ಕಿಟಕಿಯ ಕಡೆ ತಿರುಗಿ ನಿಂತರು. ನನಗೆ ಆ ಕಾಲಬೆರಳು, ಆ ಹುಂಜ, ನಾನು ಎಂದೂ ಹಾಕದ ಆ ಕಾಳು ಎಲ್ಲ ಒಟ್ಟಿಗೆ ನೆನಪಾದವು. ಎಪ್ಪತ್ತು ಮಕ್ಕಳನ್ನು ಕಣ್ಸನ್ನೆಯಲ್ಲಿ ಕೂರಿಸುವ ಮಾಸ್ತರ ನಾನು, ಅತ್ತೆಯ ಸೆರಗು ಹಿಡಿದುಕೊಂಡು ಅತ್ತುಬಿಟ್ಟೆ. ಅವಳು ತೊಳೆದ ಕಣ್ಣನ್ನೇ ಮತ್ತೆ ಒರೆಸಿದಳು.